ಬಾಟಲಿ ಲೈನಿನ ಎಣ್ಣಿ ಚಾಚಾ

ಹೋದ ವಾರ ಬಳ್ಳಾರಿಯ ಬ್ರೂಸ್‌ಪೇಟೆಯ ಬೇರಿಂಗ್ ಅಂಗಡಿಯಲ್ಲಿ ನಿಂತಿದ್ದೆ. ಸಿರುಗುಪ್ಪದ ನಮ್ಮ ಅಕ್ಕಿ ಗಿರಣಿಯಲ್ಲಿ ಚೀಲ ಹೊಲಿಯುವ ಯಂತ್ರದ ಬೇರಿಂಗ್ ಎರಡು ದಿನದಿಂದ ಕಿರುಗುಟ್ಟುತ್ತಿತ್ತು. ಹೊಸದು ತರಲು ನನ್ನನ್ನೇ ಕಳಿಸಿದ್ದರು. ಅಂಗಡಿಯವರು ಬೇರೆ ಯಾವುದೋ ಗಿರಾಕಿಗಾಗಿ ಒಂದು ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ಬೆಣ್ಣೆಯಂತೆ ಬೆಳ್ಳಗಿನ ಗ್ರೀಸ್. ಬೇರೆ ಗ್ರೀಸಿಗೆ ಇರುವ ಕಮಟು ಅದಕ್ಕಿಲ್ಲ. ಮೇಣದಬತ್ತಿ ಆರಿಸಿದ ಮೇಲೆ ಬರುವಂಥ ಒಂದು ತೆಳು ವಾಸನೆ, ಅಷ್ಟೇ. ತಿನ್ನುವ, ಕುಡಿಯುವ ಪದಾರ್ಥ ತಯಾರಾಗುವ ಕಡೆ ಮಾತ್ರ ಅದನ್ನು ಬಳಸುತ್ತಾರೆ. ಆ ವಾಸನೆ ತಾಕಿದ್ದೇ ತಡ, ನಾನು ಏನು ಕೊಳ್ಳಲು ಬಂದಿದ್ದೆ ಎಂಬುದೇ ಮರೆತುಹೋಯಿತು.

“ಕುರುಗೋಡಿನ ಚಾಚಾ ಈಗಲೂ ಬರ್ತಾರೇನ್ರಿ?” ಎಂದು ಕೇಳಿದೆ. ಊರಿಗೆ ಬಂದಾಗಲೆಲ್ಲ ಆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಚಹಾ ಕುಡಿದು ಹೋಗುವುದು ಅವರ ರೂಢಿಯಾಗಿತ್ತು.

“ಎಣ್ಣಿ ಚಾಚಾ ಏನ್ರಿ?” ಅಂಗಡಿಯವರು ಮುಚ್ಚಳ ಒತ್ತುತ್ತಾ ಹೇಳಿದರು. “ಅವರು ಹೋಗಿ ಎರಡು ರಂಜಾನ್ ಆದವಲ್ರಿ ಅಕ್ಕಾರ. ನಿಮಗ ಯಾರೂ ಹೇಳಲಿಲ್ಲೇನು?”

ಯಾರು ಹೇಳಬೇಕಿತ್ತು ನನಗೆ? ಅವರ ಬಂಧುಬಳಗದವಳಲ್ಲ, ಊರಿನವಳಲ್ಲ. ಒಂದು ಕಾಲಕ್ಕೆ ಅವರ ಜೊತೆ ಒಂದೇ ಛಾವಣಿಯ ಕೆಳಗೆ ಕೆಲಸ ಮಾಡಿದವಳು. ಬೇರಿಂಗ್ ಕಟ್ಟಿಸಿಕೊಂಡು ಹೊರಗೆ ಬಂದೆ. ಬಿಸಿಲು ಇನ್ನೂ ಏರಿರಲಿಲ್ಲ.

ಆಗ ಕುಡತಿನಿ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಬಿಯರ್ ಕಾರ್ಖಾನೆ ಇತ್ತು. ಗೇಟಿನ ಮುಂದೆ ನಿಂತರೆ ದೂರದಲ್ಲಿ ಕರೆಂಟು ತಯಾರಿಸುವವರ ಚಿಮಣಿಗಳು ಕಾಣುತ್ತಿದ್ದವು. ನಾನು ಕಾಂಟ್ರಾಕ್ಟ್ ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ಮೂರು ವರ್ಷ. ಕೊಳಗಲ್ಲಿನ ನಮ್ಮ ಬಳಗಕ್ಕೆ ಸೋಡಾ ಫ್ಯಾಕ್ಟರಿ ಎಂದು ಹೇಳಿದ್ದೆವು. ಹಾಗೆ ಹೇಳಬೇಕೆಂದು ಕಲಿಸಿದವಳು ನಮ್ಮವ್ವನೇ.

ನನ್ನ ಕೆಲಸ ನೋಡುವುದು. ತೊಳೆದು ಬಂದ ಖಾಲಿ ಬಾಟಲಿಗಳು ಉಕ್ಕಿನ ಪಟ್ಟಿಗಳ ಸರಪಳಿಯ ಮೇಲೆ ಸಾಲಾಗಿ ಬರುತ್ತಿದ್ದವು. ಅವುಗಳ ಹಿಂದೆ ಬಿಳಿ ದೀಪದ ಹಲಗೆ. ಬಾಟಲಿಯ ಬಾಯಿ ಒಡೆದಿದೆಯೇ, ಒಳಗೆ ಕಸ ಉಳಿದಿದೆಯೇ ನೋಡಿ ತೆಗೆದಿಡಬೇಕು. ಎಂಟು ತಾಸು ನೋಡಿ ಮನೆಗೆ ಹೋದರೆ ಕಣ್ಣು ಮುಚ್ಚಿದರೂ ಬಾಟಲಿಗಳು ನಡೆಯುತ್ತಿದ್ದವು. ನಮ್ಮ ಸಾಲಿನಲ್ಲಿ ನಾಲ್ವರು ಹೆಣ್ಣುಮಕ್ಕಳಿದ್ದೆವು. ನಾನು ಕೂರುತ್ತಿದ್ದ ಜಾಗದ ಪಕ್ಕದ ಕಂಬಕ್ಕೆ ಒಂದು ಕೆಂಪು ಗುಂಡಿ ಇತ್ತು. ಒತ್ತಿದರೆ ಇಡೀ ಲೈನ್ ನಿಲ್ಲುತ್ತದೆ.

ಆ ಲೈನಿಗೆ ಎಣ್ಣೆ ಹಾಕುವವರು ಚಾಚಾ. ಐವತ್ತು ದಾಟಿದ, ತೆಳ್ಳಗಿನ ಮನುಷ್ಯ. ಮೊದಲು ಬಳ್ಳಾರಿಯ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಇದೇ ಕೆಲಸ ಮಾಡುತ್ತಿದ್ದವರು. ದಿನಾ ಕುರುಗೋಡಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಬಾಟಲಿಗಳು ಜಾರಿಕೊಂಡು ಹೋಗಲೆಂದು ಸರಪಳಿಯ ಮೇಲೆ ಸಾಬೂನು ನೀರು ಬಿಡುವುದು, ಚಕ್ರಗಳ ಬೇರಿಂಗುಗಳಿಗೆ ಗ್ರೀಸ್ ಗನ್ನಿನಿಂದ ಬಿಳಿ ಗ್ರೀಸ್ ತುಂಬುವುದು ಅವರ ಕೆಲಸ. ಬಗ್ಗಿ, ಒರಗಿ, ಕೆಲವು ಕಡೆ ಅಂಗಾತ ಮಲಗಿ ಹಾಕಬೇಕಾಗಿತ್ತು. ಗ್ರೀಸಿಗೆ ಅವರು ‘ಬೆಣ್ಣಿ’ ಎನ್ನುತ್ತಿದ್ದರು. “ಇದು ಭಾಳ ಕುಡೀತೈತಿ, ಅದು ಸ್ವಲ್ಪ ಕುಡೀತೈತಿ” ಎಂದು ಬೇರಿಂಗುಗಳನ್ನು ತೋರಿಸಿ ದನಗಳ ಬಗ್ಗೆ ಹೇಳುವಂತೆ ಹೇಳುತ್ತಿದ್ದರು.

ಅವರ ಅಣ್ಣ ಈ ಕಾರ್ಖಾನೆಯ ಕಾರಣಕ್ಕೆ ಅವರ ಮನೆಯಲ್ಲಿ ನೀರು ಸಹ ಮುಟ್ಟುತ್ತಿರಲಿಲ್ಲವಂತೆ. ಒಮ್ಮೆ ನಾನೇ ಕೇಳಿದೆ, ನಿಮಗೆ ಏನೂ ಅನ್ನಿಸುವುದಿಲ್ಲವೇ ಎಂದು. ಚಾಚಾ ಸ್ವಲ್ಪ ಹೊತ್ತು ಗ್ರೀಸ್ ಗನ್ನಿನ ಮೂತಿ ಒರೆಸಿದರು.

“ಬಾಟ್ಲಿ ಒಳಗಿನದಕ್ಕ ನಾ ಕೈ ಹಚ್ಚಂಗಿಲ್ಲವ್ವ. ಬಾಟ್ಲಿ ಕೆಳಗಿನ ಸರಪಳಿಗೆ ಹಚ್ತೀನಿ. ಮೇಲಿನವ ಲೆಕ್ಕ ಕೇಳಿದ್ರ ಇಷ್ಟು ಹೇಳ್ತೀನಿ. ಅವ ಏನಂತಾನೋ ಗೊತ್ತಿಲ್ಲ” ಎಂದರು. ನಗಲಿಲ್ಲ.

ಆ ಲೈನ್ ಹೊಸದಲ್ಲ. ಎಲ್ಲೋ ಮುಚ್ಚಿಹೋದ ಕಾರ್ಖಾನೆಯಿಂದ ಬಿಚ್ಚಿ ತಂದು ಇಲ್ಲಿ ಜೋಡಿಸಿದ್ದರು. ಒಂದು ಕಡೆ ಉದ್ದ ಮಾಡಿದ್ದರು, ಒಂದು ಕಡೆ ಕತ್ತರಿಸಿದ್ದರು. ಎಲ್ಲಿ ಯಾವ ಬೇರಿಂಗ್ ಇದೆ ಎಂಬುದು ಸರಿಯಾಗಿ ಗೊತ್ತಿದ್ದದ್ದು ಚಾಚಾ ಒಬ್ಬರಿಗೇ. ಮೊದಮೊದಲು ಎಣ್ಣೆ ಹಾಕುವಾಗ ಲೈನ್ ನಿಲ್ಲಿಸುತ್ತಿದ್ದರಂತೆ. ಬೇಡಿಕೆ ಹೆಚ್ಚಾದಂತೆ ನಿಲ್ಲಿಸುವುದು ಕಡಿಮೆಯಾಯಿತು. ನಾನು ಸೇರುವ ಹೊತ್ತಿಗೆ ಓಡುವ ಸರಪಳಿಗೇ ಕೈ ಹಾಕುವುದು ರೂಢಿಯಾಗಿತ್ತು.

ಅದೊಂದು ಬೇಸಿಗೆ. ನಮ್ಮ ಜೊತೆಯ ಒಬ್ಬ ಹೆಣ್ಣುಮಗಳು ಸಾಲಿನಲ್ಲಿ ಬಾಟಲಿಗಳು ಬಿದ್ದು ಒಡೆಯತೊಡಗಿದವೆಂದು ಹೆದರಿ ಕೆಂಪು ಗುಂಡಿ ಒತ್ತಿದ್ದಳು. ನಮ್ಮ ಶಿಫ್ಟ್ ಸಾಹೇಬರು ಗಾಜಿನ ಕೋಣೆಯಿಂದ ಹೊರಗೆ ಬಂದು ಎಲ್ಲರ ಮುಂದೆ ಅವಳನ್ನು ಬೈದು ಮೂರು ದಿನ ಮನೆಗೆ ಕಳಿಸಿದರು. ಲೈನ್ ಮತ್ತೆ ಹದಕ್ಕೆ ಬರಲು ಅರ್ಧ ತಾಸು ಬೇಕಾಗುತ್ತಿತ್ತು, ಅದು ಅವರ ಸಿಟ್ಟು. ಅದಾಗಿ ಒಂದು ವಾರವೂ ಕಳೆದಿರಲಿಲ್ಲ.

ಬೆಳಗಿನ ಶಿಫ್ಟು. ಬಾಟಲಿಗೆ ಬಿಲ್ಲೆ ಮುಚ್ಚಳ ಹಾಕುವ ಯಂತ್ರದ ಕೆಳಗೆ ಒಂದು ಬೇರಿಂಗ್ ಒಣಗಿ ಬಿಸಿಯಾಗುತ್ತಿದೆ, ಹತ್ತು ನಿಮಿಷ ನಿಲ್ಲಿಸಿ ಎಂದು ಚಾಚಾ ಶಿಫ್ಟ್ ಸಾಹೇಬರನ್ನು ಕೇಳಿದರು. ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ ಇಬ್ಬರೂ ನಿಂತಿದ್ದರು. ಆ ಸಪ್ಪಳದಲ್ಲಿ ಮಾತಾಡಬೇಕಾದರೆ ಕೂಗಲೇಬೇಕು.

“ಹೊರಗ ಲಾರಿ ನಿಂತಾವು. ನಿಲ್ಲಸಾಕ ಆಗಂಗಿಲ್ಲ. ದಿನಾ ಹಾಕ್ತೀಯಲ್ಲ, ಹಂಗ ಹಾಕು” ಎಂದು ಸಾಹೇಬರು ಕೋಣೆಗೆ ಹೋದರು.

ಚಾಚಾ ತಗಡಿನ ಮುಚ್ಚಳ ಬಿಚ್ಚಿ ಬಗ್ಗಿದರು. ಬಲಗೈಯಲ್ಲಿ ಗ್ರೀಸ್ ಗನ್, ಎಡಗೈಯಲ್ಲಿ ಒರೆಸುವ ಅರಿವೆ. ನಾನು ಬಾಟಲಿಗಳನ್ನು ನೋಡುತ್ತಿದ್ದೆ. ಏನೋ ಕೂಗಿದಂತಾಗಿ ತಿರುಗಿದೆ. ಅರಿವೆಯ ತುದಿಯನ್ನು ಸರಪಳಿ ಹಿಡಿದುಕೊಂಡಿತ್ತು. ಹಲ್ಲಿನ ಚಕ್ರದ ಕಡೆಗೆ ಅದು ಎಳೆದುಕೊಂಡು ಹೋಗುತ್ತಿತ್ತು. ಅರಿವೆ ಚಾಚಾನ ಬೆರಳಿಗೆ ಸುತ್ತಿಕೊಂಡಿತ್ತು.

ನನ್ನ ಕೈ ಗುಂಡಿಯ ಹತ್ತಿರವೇ ಇತ್ತು. ನಾನು ಮೊದಲು ಗಾಜಿನ ಕೋಣೆಯ ಕಡೆಗೆ ನೋಡಿದೆ. ಸಾಹೇಬರು ನೋಡುತ್ತಿದ್ದಾರೆಯೇ, ಬೈಯುತ್ತಾರೆಯೇ... ಎರಡು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು. ಆಮೇಲೆ ಒತ್ತಿದೆ.

ಲೈನ್ ನಿಂತಾಗ ಬಂದ ಮೌನ ಈಗಲೂ ಕಿವಿಯಲ್ಲಿದೆ. ಚಾಚಾ ಕೂಗಲಿಲ್ಲ. ಕೂತಲ್ಲೇ ಕೂತು ಎಡಗೈಯನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದರು. ಅಂಗಿಯ ಮೇಲೆ ಕೆಂಪಗೆ ಹರಡುತ್ತಿತ್ತು. ಕಿರುಬೆರಳು, ಅದರ ಪಕ್ಕದ್ದು, ಎರಡು ಹೋದವು.

ಅವರು ಆಸ್ಪತ್ರೆಯಲ್ಲಿದ್ದಾಗಲೇ ಆಫೀಸಿನಲ್ಲಿ ಒಂದು ಕಾಗದ ತಯಾರಾಯಿತು. ಹೇಳದೆ ಕೇಳದೆ, ತನ್ನಿಷ್ಟಕ್ಕೆ, ಲೈನ್ ಓಡುವಾಗ ಮುಚ್ಚಳ ಬಿಚ್ಚಿ ಕೈ ಹಾಕಿದ್ದರಿಂದ ಹೀಗಾಯಿತು ಎಂದು ಬರೆದಿತ್ತು. ನೋಡಿದವರ ಸಹಿ ಬೇಕಾಗಿತ್ತು. ಹತ್ತಿರ ಇದ್ದವಳು ನಾನು. ಶಿಫ್ಟ್ ಸಾಹೇಬರು ಪೆನ್ನು ಕೊಟ್ಟರು. ನಾನು ಓದಿದೆ, ಸಹಿ ಮಾಡಿದೆ. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ನಿಜವೂ ಆಗಿತ್ತು.

ಎರಡು ತಿಂಗಳಾದ ಮೇಲೆ ಚಾಚಾ ಮರಳಿ ಬಂದರು. ಎಣ್ಣೆಯ ಕೆಲಸ ಬೇರೆಯವನಿಗೆ ಹೋಗಿತ್ತು. ಇವರನ್ನು ಹಿತ್ತಲಲ್ಲಿ ಖಾಲಿ ಕ್ರೇಟುಗಳನ್ನು ಎಣಿಸಲು ಹಾಕಿದರು. ಊಟದ ಬಿಡುವಿನಲ್ಲಿ ನಾನೇ ಹೋಗಿ ಮಾತಾಡಿಸಿದೆ. ಅವರು ಟಿಫಿನ್ ಡಬ್ಬಿಯ ಮುಚ್ಚಳವನ್ನು ಮೊಣಕಾಲಿಗೆ ಒತ್ತಿ ಹಿಡಿದು ಬಲಗೈಯಿಂದ ತೆಗೆಯುತ್ತಿದ್ದರು.

“ನೀ ಗುಂಡಿ ಒತ್ತಿದ್ದಕ್ಕ ಮೂರು ಉಳದಾವವ್ವ. ತಟ್ಟನ ಒತ್ತಿದಿ. ಇಲ್ಲಂದ್ರ ಇಡೀ ಕೈ ಹೋಗತಿತ್ತು. ಅದನ್ನ ನಾ ಸಾಯೋತನ ಮರಿಯಂಗಿಲ್ಲ” ಎಂದರು. ನಾನು ಅಲ್ಲ ಚಾಚಾ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರೇ ಕೇಳಿದರು: “ಆದ್ರ ಆ ಕಾಗದ... ಓದಿ ಸಹಿ ಮಾಡಿದ್ಯಾ, ಓದದ ಮಾಡಿದ್ಯಾ?”

“ಓದಿದೆ ಚಾಚಾ.”

“ಹಂಗಾರ ಬಿಡು” ಎಂದು ರೊಟ್ಟಿ ಮುರಿದರು. ಆಮೇಲೆ ಬಹಳ ದಿನ ನನ್ನ ಜೊತೆ ಮಾತಾಡಲಿಲ್ಲ. ಎದುರಿಗೆ ಬಂದರೆ ತಲೆಯಾಡಿಸುತ್ತಿದ್ದರು, ಅಷ್ಟೇ. ಅವರು ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಕಾರ್ಖಾನೆಗೆ ತಾನೇ ತಾನಾಗಿ ಎಣ್ಣೆ ಹಾಕುವ ಯಂತ್ರ ಬಂತು. ಹೊಸ ಎಣ್ಣೆಯವನ ಕೈಯಲ್ಲಿ ತಿಂಗಳಿಗೊಂದು ಬೇರಿಂಗ್ ಸುಡುತ್ತಿತ್ತು. ಲೈನ್ ನಿಲ್ಲುವುದು ಹೆಚ್ಚಾಗಿತ್ತು. ಪುಣೆಯಿಂದ ಒಬ್ಬ ಇಂಜಿನಿಯರ್ ದೊಡ್ಡ ಪೆಟ್ಟಿಗೆಗಳ ಜೊತೆ ಬಂದಿಳಿದರು. ಒಂದು ಗ್ರೀಸ್ ತುಂಬುವ ತೊಟ್ಟಿ, ಅದರ ಕೆಳಗೆ ಪಂಪು, ಅಲ್ಲಿಂದ ಬೆರಳಿಗಿಂತ ಸಣ್ಣ ನಳಿಕೆಗಳು ಕವಲೊಡೆದು ಒಂದೊಂದು ಬೇರಿಂಗಿಗೆ ಒಂದೊಂದು ಹೋಗಬೇಕು. ಗಡಿಯಾರದಂಥ ಒಂದು ಡಬ್ಬಿ. ಹೊತ್ತಿಗೆ ಸರಿಯಾಗಿ ಪಂಪು ಓಡಿ, ಒಂದೊಂದಕ್ಕೂ ಬೇಕಾದಷ್ಟೇ ತಳ್ಳುತ್ತದೆ. ಸಾಬೂನು ನೀರಿಗೂ ಬೇರೆ ನಳಿಕೆ, ಸರಪಳಿಯ ಮೇಲೆ ಹನಿಸುತ್ತದೆ. ಯಾರೂ ಕೈ ಹಾಕುವ ಅಗತ್ಯವಿಲ್ಲ. ಮುಚ್ಚಳ ಬಿಚ್ಚಿದರೆ ಲೈನೇ ಓಡುವುದಿಲ್ಲ.

ಆದರೆ ಇಂಜಿನಿಯರ್ ತಂದ ನಕ್ಷೆಗೂ ನಮ್ಮ ಲೈನಿಗೂ ತಾಳೆಯಾಗಲಿಲ್ಲ. ನಕ್ಷೆಯಲ್ಲಿ ಇದ್ದದ್ದು ಇಲ್ಲಿ ಇಲ್ಲ, ಇಲ್ಲಿ ಇದ್ದದ್ದು ನಕ್ಷೆಯಲ್ಲಿ ಇಲ್ಲ. ಯಾವುದಕ್ಕೆ ಎಷ್ಟು ಬೇಕೆಂಬುದೂ ಗೊತ್ತಿಲ್ಲ. ಕಡಿಮೆಯಾದರೆ ಸುಡುತ್ತದೆ, ಹೆಚ್ಚಾದರೆ ಸೋರಿ ಬಾಟಲಿಯ ಕೊರಳಿಗೆ ಅಂಟುತ್ತದೆ. ನಾಲ್ಕು ದಿನ ತಡಕಾಡಿ ಅವರು ಮ್ಯಾನೇಜರ್ ಹತ್ತಿರ ಹೋದರು. ಹಿತ್ತಲಿನಿಂದ ಚಾಚಾನಿಗೆ ಕರೆ ಬಂತು.

ಚಾಚಾ ಒಪ್ಪಿದರು. ಒಂದು ಮಾತು ಕೇಳಿದರು: “ನನ್ನ ತಪ್ಪು ಅಂತ ಬರದೀರಲ್ಲ ಸಾಹೇಬ್ರ, ಆ ಕಾಗದ ತಿದ್ದರಿ. ಆಮ್ಯಾಗ ಎಲ್ಲಾ ತೋರಸ್ತೀನಿ.”

ನಮ್ಮ ಮ್ಯಾನೇಜರ್ ಮೈಸೂರು ಕಡೆಯವರು, ಸಮಾಧಾನದ ಮನುಷ್ಯ. ಸಹಿ ಮಾಡಿದವಳನ್ನು ಕರೆಸಿ ಎಂದರು. ನಾನು ಒಳಗೆ ಹೋದಾಗ ಚಾಚಾ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಿದ್ದರು. ಶಿಫ್ಟ್ ಸಾಹೇಬರು ಮೇಜಿನ ಪಕ್ಕ ನಿಂತಿದ್ದರು. ಕಾಗದ ಮೇಜಿನ ಮೇಲಿತ್ತು, ನನ್ನ ಸಹಿ ಮೇಲೆ ಕಾಣುವಂತೆ.

“ಇದರಲ್ಲಿ ಬರೆದಿರೋದು ನಿಜವೇನಮ್ಮ?” ಮ್ಯಾನೇಜರ್ ಕೇಳಿದರು.

“ಇಲ್ರಿ ಸರ್. ಚಾಚಾ ನಿಲ್ಲಸ್ರಿ ಅಂತ ಕೇಳಿದ್ರು. ಸಾಹೇಬ್ರು ನಿಲ್ಲಸಾಕ ಆಗಂಗಿಲ್ಲ, ಹಂಗ ಹಾಕು ಅಂದ್ರು. ನಾ ಕೇಳೀನಿ.”

“ಆ ಸಪ್ಪಳದಾಗ ನಿನಗ ಕೇಳಿಸ್ತೇನು?” ಶಿಫ್ಟ್ ಸಾಹೇಬರ ದನಿ ಏರಿತು.

“ಹತ್ತು ಹೆಜ್ಜಿ ದೂರದಾಗ ಇದ್ದೆ. ನೀವು ಒದರಿ ಹೇಳಿದ್ರಿ. ಕೇಳಿಸ್ತು.”

ಹೇಗೆ ಅಷ್ಟು ಧೈರ್ಯ ಬಂತೋ ಗೊತ್ತಿಲ್ಲ. ಬಹುಶಃ ಆ ಆರು ತಿಂಗಳು ಸುಮ್ಮನಿದ್ದು ಸುಮ್ಮನಿದ್ದು ದಣಿದಿದ್ದೆ. ಮ್ಯಾನೇಜರ್ ಏನೋ ಗೀಚಿಕೊಂಡರು. ಆಮೇಲೆ ತಲೆ ಎತ್ತದೆ, “ಬಟ್ಟೆ ಸಿಕ್ಕಿಕೊಂಡಿದ್ದನ್ನ ನೋಡಿದ ತಕ್ಷಣ ಬಟನ್ ಒತ್ತಿದ್ರಾ?” ಎಂದು ಕೇಳಿದರು.

ಚಾಚಾ ನನ್ನ ಕಡೆ ನೋಡಿ ತಲೆಯಾಡಿಸಿದರು, ಹೇಳವ್ವ ಎಂಬಂತೆ.

“ಹೌದ್ರಿ ಸರ್” ಎಂದೆ. “ನೋಡಿದ ಕೂಡ್ಲೇ ಒತ್ತಿದೆ.”

ಕಾಗದ ತಿದ್ದಿ ಬರೆದರು. ಮೇಲಿನವರು ಹೇಳಿದಂತೆ, ಲೈನ್ ಓಡುವಾಗ ಕೆಲಸ ಮಾಡುತ್ತಿದ್ದಾಗ ಹೀಗಾಯಿತು ಎಂದು. ಶಿಫ್ಟ್ ಸಾಹೇಬರನ್ನು ಗೋಡೌನಿಗೆ ಹಾಕಿದರು. ಚಾಚಾನಿಗೆ ಸಿಗಬೇಕಾದ ಪರಿಹಾರವೂ ಆಮೇಲೆ ಸಿಕ್ಕಿತೆಂದು ಕೇಳಿದೆ.

ಮರುದಿನದಿಂದ ಚಾಚಾ ಸೀಮೆಸುಣ್ಣ ಹಿಡಿದು ಲೈನಿನ ಉದ್ದಕ್ಕೂ ನಡೆದರು. ಒಂದೊಂದು ಬೇರಿಂಗಿನ ಪಕ್ಕ ಒಂದೊಂದು ಅಂಕಿ ಬರೆದರು, ಎಷ್ಟು ಕುಡಿಯುತ್ತದೆ ಎಂದು. ಕನ್ನಡ ಸಾಲೆಯಲ್ಲಿ ನಾಲ್ಕನೆಯ ತರಗತಿ ಕಲಿತವರು, ಬರೆದದ್ದು ಕನ್ನಡ ಅಂಕಿ. ಪುಣೆಯವರಿಗೆ ಅದು ಓದಲು ಬರಲಿಲ್ಲ. ಹಾಗಾಗಿ ಪಕ್ಕದಲ್ಲಿ ಇಂಗ್ಲಿಷ್ ಅಂಕಿ ಬರೆಯಲು ನನ್ನನ್ನು ಜೊತೆಗೆ ಹಾಕಿದರು. ಅವರು ಮುಂದೆ, ನಾನು ಹಿಂದೆ. ಬಾಟಲಿ ತೊಳೆಯುವ ಯಂತ್ರದ ಹತ್ತಿರ ಬಿಸಿ ಹಬೆಗೆ ಗ್ರೀಸ್ ಕರಗಿಹೋಗುತ್ತದೆ, ಅಲ್ಲಿ ಬೇಗ ಬೇಗ ಕೊಡಬೇಕು. ಬಿಯರ್ ತುಂಬುವ ಕಡೆ ತಣ್ಣಗಿರುತ್ತದೆ, ಅಲ್ಲಿ ಸ್ವಲ್ಪ ಸಾಕು. ತುಂಬುವ ಯಂತ್ರದ ಕೆಳಗೆ ಯಾವ ನಕ್ಷೆಯಲ್ಲೂ ಇಲ್ಲದ ಮೂರು ಬೇರಿಂಗುಗಳಿದ್ದವು. ಚಾಚಾ ನೆಲದ ಮೇಲೆ ಮಲಗಿ, ಮೂರು ಬೆರಳಿನ ಕೈ ಚಾಚಿ, ಕಣ್ಣು ಮುಚ್ಚಿ ಮುಟ್ಟಿ ತೋರಿಸಿದರು. ಪುಣೆಯವರು ಅವರ ಪಕ್ಕದಲ್ಲೇ ಮಲಗಿ ಟಾರ್ಚ್ ಹಿಡಿದಿದ್ದರು.

ಎಲ್ಲವನ್ನೂ ಕೊಟ್ಟುಬಿಟ್ಟರೆ ನಿಮಗೇನು ಉಳಿಯುತ್ತದೆ ಚಾಚಾ ಎಂದು ಒಂದು ದಿನ ಕೇಳಿದೆ.

“ನನ್ನ ಜಾಗಾದಾಗ ಈಗ ಇರೋ ಹುಡುಗಗ ಹತ್ತು ಬೆರಳು ಅದಾವು. ಅವು ಇರಲಿ” ಎಂದರು. ಆಮೇಲೆ, “ನನಗೂ ಸಾಕಾಗೇತಿ ಬೇಟಾ” ಎಂದರು.

ಯಂತ್ರ ಶುರುವಾದ ದಿನ ಎಲ್ಲರೂ ಸುತ್ತ ನಿಂತಿದ್ದೆವು. ಪಂಪು ಟಕ್ ಎಂದಿತು. ಏನೂ ಕಾಣಲಿಲ್ಲ. ಚಾಚಾ ಒಂದು ನಳಿಕೆಯ ಮೇಲೆ ಅಂಗೈ ಇಟ್ಟು ಕಾದರು. ಸ್ವಲ್ಪ ಹೊತ್ತಿನ ಮೇಲೆ “ಕುಡೀತು” ಎಂದರು. ಇನ್ನೊಂದು ನಳಿಕೆಗೆ ಹೋದರು, “ಇದೂ ಕುಡೀತು.” ಹೀಗೆ ಕೊನೆಯವರೆಗೂ ಹೋಗಿ ಬಂದು, ಬಾಗಿಲ ಬಳಿ ಹೊರಗಿನ ಗಾಳಿಗೆ ನಿಂತರು. ಅದಾಗಿ ಆರು ತಿಂಗಳಿಗೆ ಅವರನ್ನು ಕೆಲಸದಿಂದ ಬಿಡಿಸಿದರು. ಅದಕ್ಕೂ ಮೊದಲೇ ನನ್ನ ಕಾಂಟ್ರಾಕ್ಟ್ ಮುಗಿದಿತ್ತು. ಕಾರ್ಖಾನೆಯವರು ಮತ್ತೆ ಕರೆಯಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಸಿರುಗುಪ್ಪದ ಗಿರಣಿಯಲ್ಲಿ ಕೆಲಸ ಸಿಕ್ಕಿತು. ಅಲ್ಲೇ ಮದುವೆ, ಅಲ್ಲೇ ಮನೆ. ಬಿಯರ್ ಕಾರ್ಖಾನೆಗೂ ಆಮೇಲೆ ಬೀಗ ಬಿತ್ತು.

ಒಂದೇ ಒಂದು ಸಲ ಮತ್ತೆ ಸಿಕ್ಕಿದ್ದರು, ಐದಾರು ವರ್ಷದ ಹಿಂದೆ, ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಕೈ ಹಿಡಿದು ಎಳೆದುಕೊಂಡು ಹೋಗಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಕೊಡಿಸಿದರು. ಹೋಟೆಲಿನವನಿಗೆ ನನ್ನನ್ನು ತೋರಿಸಿ, “ಈ ಮೂರು ಬೆರಳು ಉಳಿಸಿದಾಕಿ ಈಕಿನ ನೋಡು” ಎಂದು ಕೈ ಎತ್ತಿ ತೋರಿಸಿದರು. ಹೋಟೆಲಿನವ ನಕ್ಕ. ನಾನು ಮಿರ್ಚಿಯ ಖಾರಕ್ಕೆಂಬಂತೆ ಕಣ್ಣು ಒರೆಸಿಕೊಂಡೆ. ಆಗ ಹೇಳಬಹುದಿತ್ತು. ಇಬ್ಬರೇ ಎದುರುಬದುರು ಕೂತಿದ್ದೆವು. ಹೇಳುತ್ತೇನೆ, ಚಹಾ ಬರಲಿ ಎಂದುಕೊಂಡೆ. ಚಹಾ ಬಂತು. ಅವರ ಬಸ್ಸೂ ಬಂತು...

ಹೋದ ವಾರ ಆ ಅಂಗಡಿಯಿಂದ ಹೊರಬಿದ್ದ ನಾನು ಸಿರುಗುಪ್ಪದ ಬಸ್ ಹತ್ತಲಿಲ್ಲ. ಕುರುಗೋಡಿಗೆ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಎಣ್ಣಿ ಚಾಚಾ ಎಂದರೆ ಬಸ್ ನಿಲ್ದಾಣದ ಪಾನ್ ಅಂಗಡಿಯವರೇ ಓಣಿ ತೋರಿಸಿದರು. ಚಾಚಿ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ನಾನು ಯಾರೆಂದು ಹೇಳುತ್ತಿದ್ದಂತೆ ಅವರ ಮುಖ ಅರಳಿತು. “ಗುಂಡಿ ಒತ್ತಿದಾಕಿ! ಬಾ ಬಾ, ಒಳಗ ಬಾ” ಎಂದು ಕೈ ತೊಳೆದುಕೊಂಡು ಬಂದು ಚಾಪೆ ಹಾಸಿದರು. ಉಸಿರಾಟದ ತೊಂದರೆ ಇತ್ತಂತೆ, ಕೊನೆಗೆ ನಾಲ್ಕೇ ದಿನ ಮಲಗಿದ್ದರಂತೆ. ಯಾರ ಮುಂದೆ ಆ ಕೈಯ ಮಾತು ಬಂದರೂ ನನ್ನ ಹೆಸರು ಹೇಳುತ್ತಿದ್ದರಂತೆ.

ಇನ್ನು ತಡೆಯಲಾಗಲಿಲ್ಲ. “ಚಾಚಿ, ನಾ ತಟ್ಟನ ಒತ್ತಲಿಲ್ರಿ” ಎಂದೆ. “ಸಾಹೇಬ್ರು ಬೈತಾರೇನೋ ಅಂತ ಅವರ ಮುಖ ನೋಡಿದೆ. ಆಮ್ಯಾಗ ಒತ್ತಿದೆ. ಮೊದಲ ಒತ್ತಿದ್ರ ಐದೂ ಉಳೀತಿದ್ವೇನೋ. ಮ್ಯಾನೇಜರ್ ಮುಂದನೂ ಸುಳ್ಳು ಹೇಳಿದೆ.”

ಹೊರಗೆ ಯಾರೋ ಮೋಟಾರ್ ಸೈಕಲ್ ಒದ್ದು ಒದ್ದು ಶುರು ಮಾಡುತ್ತಿದ್ದರು.

“ಎಷ್ಟು ಹೊತ್ತು ನೋಡಿದಿ?” ಎಂದು ಚಾಚಿ ಕೇಳಿದರು.

“ಎರಡು ಉಸಿರು ಬಿಡೋ ಅಷ್ಟು.”

ಅವರು ನನ್ನ ಮುಖವನ್ನೇ ನೋಡಿದರು. ಸಿಟ್ಟಿರಲಿಲ್ಲ, ಆದರೆ ಬಂದಾಗ ಇದ್ದ ಆ ಬೆಳಕೂ ಇರಲಿಲ್ಲ.

“ಅವರು ಇದ್ದಾಗ ಬಂದು ಹೇಳಬೇಕಾಗಿತ್ತವ್ವ” ಎಂದರು. “ಅವರು ಏನಾರ ಅಂತಿದ್ರು. ನಾ ಏನನ್ಲಿ?”

ಎದ್ದು ಒಲೆ ಹಚ್ಚಿದರು. ಚಹಾ ಮಾಡಿ ಕೊಟ್ಟರು. ನಾನು ಕುಡಿದೆ. ಹೊರಡುವಾಗ ಬಾಗಿಲವರೆಗೆ ಬಂದರು, ಮತ್ತೆ ಬಾ ಎನ್ನಲಿಲ್ಲ.

ಬಸ್ ನಿಲ್ದಾಣದಲ್ಲಿ ನೆರಳಿರಲಿಲ್ಲ. ಬೇರಿಂಗಿನ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಗಿರಣಿಯಿಂದ ಎರಡು ಸಲ ಫೋನ್ ಬಂತು, ಎಲ್ಲಿದ್ದೀರಿ ಎಂದು. ಬರುತ್ತಿದ್ದೇನೆ ಎಂದೆ. ಏನಾದರೂ ಅನ್ನಬೇಕಾಗಿದ್ದ ಒಬ್ಬ ಮನುಷ್ಯ ಇಲ್ಲ. ಅವರು ಬೈಯುತ್ತಿದ್ದರೋ, ಹಂಗಾರ ಬಿಡು ಎಂದು ರೊಟ್ಟಿ ಮುರಿಯುತ್ತಿದ್ದರೋ, ಅದು ನನಗೆ ಇನ್ನು ಯಾವತ್ತೂ ಗೊತ್ತಾಗುವುದಿಲ್ಲ.